ರೆಪ್ಪೆಗೆ ಅರಗು ಹಾಕಿದವಳು

ದಿನಕ್ಕೆ ಎಂಟು ಸಲ ಬದ್ರುನ್ನೀಸಾ ಒಬ್ಬಳು ಮುದುಕಿಯ ಕಣ್ಣು ತೆರೆಸುತ್ತಾಳೆ. ಆಟ ಮುಗಿದು ಜನ ಹೊರಗೆ ಹೋದ ಮೇಲೆ ಚಪ್ಪಲಿ ಬಿಟ್ಟು ಜಗಲಿ ಹತ್ತಿ, ಬಲಗೈ ಹೆಬ್ಬೆರಳನ್ನು ಮುದುಕಿಯ ರೆಪ್ಪೆಗೆ ಕೊಟ್ಟು ಮೆಲ್ಲಗೆ ಮೇಲಕ್ಕೊತ್ತುತ್ತಾಳೆ. ಟಕ್ಕೆಂದು ಸದ್ದಾಗಿ ರೆಪ್ಪೆ ಬಿಡುತ್ತದೆ. ಮೊದಲು ಎಡಗಣ್ಣು, ಆಮೇಲೆ ಬಲಗಣ್ಣು. “ಏಳವ್ವ ತಾಯಿ, ಇನ್ನೊಂದ್ ಬ್ಯಾಚ್ ಬಂದ್ ನಿಂತೈತೆ” ಅನ್ನುತ್ತಾಳೆ. ಹದಿನೇಳು ವರ್ಷದಿಂದ ಇದೇ ಮಾತು, ಇದೇ ಹೆಬ್ಬೆರಳು.

ಮುದುಕಿ ಅಂದರೆ ಉಸಿರಾಡುವ ಮುದುಕಿಯಲ್ಲ. ಒಳಗೆ ಕಬ್ಬಿಣ, ಮೋಟಾರು, ಗಾಳಿಯ ಪೈಪು. ಹೊರಗೆ ಚನ್ನಪಟ್ಟಣದ ಹಾಲೆಮರದ ಮುಖ, ಕೈ, ಬೆರಳು. ರಾಮನಗರದಿಂದ ಕೈಲಾಂಚದ ಕಡೆ ಹೋಗುವ ದಾರಿಯಲ್ಲಿ ಬಂಡೆಗುಡ್ಡದ ಬುಡಕ್ಕೆ ‘ರಂಗುಲೋಕ’ ಅಂತ ಒಂದು ಪಾರ್ಕಿದೆಯಲ್ಲ, ಅದರೊಳಗೆ ನೀರಾಟ, ರಾಟೆ, ರೈಲು ಎಲ್ಲ ದಾಟಿ ಕೊನೆಗೆ ಸಿಗುವುದು ಒಂದು ದೊಡ್ಡ ಹೆಂಚಿನ ಹಾಲ್. ಅಲ್ಲಿ ನಡೆಯುವ ‘ಅಜ್ಜಿಯ ಜಗಲಿ’ ಅನ್ನುವ ಗೊಂಬೆಯಾಟದ ಅಜ್ಜಿ ಇವಳು. ಹನ್ನೊಂದು ನಿಮಿಷ ತಾನೇ ಕತ್ತು ತಿರುಗಿಸಿ, ಕೈ ಆಡಿಸಿ, ಮೂರು ಮರದ ಮೊಮ್ಮಕ್ಕಳಿಗೂ ಮುಂದೆ ಕೂತ ಇನ್ನೂರು ಮಂದಿಗೂ ಕಥೆ ಹೇಳುತ್ತಾಳೆ. ಪಕ್ಕದಲ್ಲಿ ಒಂದು ಬೆಕ್ಕು, ಒಂದು ಹುಂಜ. ಹುಂಜ ಮಾತ್ರ ಆಗಾಗ ಕೈಕೊಡುತ್ತದೆ, ಅದರ ಕಥೆ ಬೇಡ ಬಿಡಿ.

ಈ ಹೆಂಗಸಿನ ವಿಚಾರ ಹೇಳಬೇಕು. ಬದ್ರುನ್ನೀಸಾಗೆ ಈಗ ನಲವತ್ತೈದು. ಚನ್ನಪಟ್ಟಣದವಳು. ಗಂಡ ಮಕ್ಬೂಲ್ ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವವನು, ಸಾಧು ಮನುಷ್ಯ. ಇವಳು ಹಾಗಲ್ಲ. ಮೂಗಿನ ತುದಿಯಲ್ಲಿ ಕೋಪ, ಯಾರಿಗೂ ಸೊಪ್ಪು ಹಾಕುವವಳಲ್ಲ. ಪಾರ್ಕಿನ ಸೆಕ್ಯೂರಿಟಿಯವನು ಒಮ್ಮೆ ಬ್ಯಾಗ್ ತೆಗೆದು ತೋರಿಸು ಅಂದಿದ್ದಕ್ಕೆ, ಒಳಗಿದ್ದ ಉಳಿ, ಅರಗಿನ ಕಡ್ಡಿ, ಕೇದಗೆ ಗರಿ, ಊಟದ ಡಬ್ಬಿ ಎಲ್ಲವನ್ನೂ ಅವನ ಮೇಜಿನ ಮೇಲೆ ಸುರಿದು, “ಈಗ ನೀನೇ ಜೋಡ್ಸು, ಇದ್ದಂಗೇ” ಅಂದು ಕೈಕಟ್ಟಿ ನಿಂತಿದ್ದಳು. ಆಮೇಲೆ ಯಾರೂ ಅವಳ ಬ್ಯಾಗ್ ಕೇಳಲಿಲ್ಲ.

ಇಂಥವಳು ಒಂದೇ ಒಂದು ಸುಳ್ಳನ್ನು ಹದಿನೇಳು ವರ್ಷ ಕೈಯಾರೆ ಬರೆಯುತ್ತ ಬಂದಿದ್ದಳು. ಆಟ ಮುಗಿದಾಗಲೆಲ್ಲ ತುಂಬಬೇಕಾದ ಒಂದು ಪುಸ್ತಕವಿದೆ. ‘ದೋಷ’ ಅನ್ನುವ ಕಡೆ ಅವಳು ಬರೆಯುತ್ತಿದ್ದುದು: ‘ರೆಪ್ಪೆ ಅಂಟಿತು, ಕೈಯಿಂದ ತೆರೆಯಲಾಯಿತು.’ ‘ಕಾರಣ’ ಅನ್ನುವ ಕಡೆ: ‘ಗೊತ್ತಿಲ್ಲ.’

ಗೊತ್ತಿಲ್ಲದೆ ಏನು! ಚೆನ್ನಾಗಿ ಗೊತ್ತಿತ್ತು.

ಅದನ್ನು ಹೇಳಬೇಕಾದರೆ ಎರಡು ಸಾವಿರದ ಏಳಕ್ಕೆ ಹೋಗಬೇಕು. ಪಾರ್ಕು ಆಗಷ್ಟೇ ಏಳುತ್ತಿತ್ತು. ಅಜ್ಜಿ, ಮೊಮ್ಮಕ್ಕಳು ಎಲ್ಲ ಹೊರದೇಶದಿಂದ ಪೆಟ್ಟಿಗೆಯಲ್ಲಿ ಬಂದಿಳಿದವು. ಮೈಯೆಲ್ಲ ಸರಿಯಾಗಿತ್ತು, ಮುಖ ಮಾತ್ರ ರಬ್ಬರಿನದು. ನಕ್ಕರೆ ಕಚ್ಚಲು ಬಂದಂತೆ ಕಾಣುತ್ತಿತ್ತು. ಆಗ ಮ್ಯಾನೇಜರ್ ಆಗಿದ್ದ ರಾಮಲಿಂಗಯ್ಯನವರು ಮನೆಯ ಮಕ್ಕಳನ್ನು ಕರೆತಂದು ತೋರಿಸಿದರೆ, ಅವು ಕಿಟಾರನೆ ಕಿರುಚಿ ಬಾಗಿಲಿಗೆ ಓಡಿದವು. ರಾಮಲಿಂಗಯ್ಯನವರು ತಲೆ ಮೇಲೆ ಕೈ ಹೊತ್ತು ಕೂರುವವರಲ್ಲ. ಅವತ್ತೇ ಜೀಪು ಹತ್ತಿ ಚನ್ನಪಟ್ಟಣಕ್ಕೆ ಬಂದು, ಗೊಂಬೆ ಕೆತ್ತುವ ಇಮಾಮ್ ಸಾಬರ ಕಾರ್ಖಾನೆಯ ಮುಂದೆ ಇಳಿದು, “ನಮ್ ಊರ್ ಅಜ್ಜಿಗೆ ನಮ್ ಊರ್ ಮುಖ ಮಾಡ್ಕೊಡಿ ಸಾಬ್ರೇ” ಅಂದರು.

ಇಮಾಮ್ ಸಾಬರು ಮುಖ ಕೆತ್ತಿದರು. ಕಣ್ಣುಗುಡ್ಡೆ, ರೆಪ್ಪೆ, ಬೆರಳಿನ ಗೆಣ್ಣು, ಹೀಗೆ ದುಂಡಗಿರುವುದೆಲ್ಲ ಲೇತಿನ ಕೆಲಸ. ಆ ಕಾರ್ಖಾನೆಯಲ್ಲಿ ಲೇತಿನ ಮುಂದೆ ಕೂತಿದ್ದವಳು ಬದ್ರುನ್ನೀಸಾ. ಸರ್ಕಾರದ ತರಬೇತಿ ಮುಗಿಸಿ ಆರು ವರ್ಷವಾಗಿತ್ತು, ಅವಳ ಕೈ ತಿರುಗಿಸಿದ ಬುಗುರಿ ಅಂಗೈ ಮೇಲೆ ನಿದ್ದೆ ಮಾಡಿದ ಹಾಗೆ ನಿಲ್ಲುತ್ತಿತ್ತು. ಮೊಟ್ಟೆಯ ಚಿಪ್ಪಿನಷ್ಟು ತೆಳು ರೆಪ್ಪೆಯನ್ನು ಕೊರೆಯುವಾಗ ನಾಲ್ಕು ಒಡೆದವು. ಐದನೆಯದೂ ಆರನೆಯದೂ ನಿಂತವು. ಎರಡೂ ರೆಪ್ಪೆ ಅಂಗೈಯಲ್ಲಿಟ್ಟುಕೊಂಡು ಅವಳು ಇಡೀ ಕಾರ್ಖಾನೆ ಸುತ್ತಿ ಬಂದಳು.

ಇನ್ನು ಬಣ್ಣ. ಪಾರ್ಕಿನ ಎಂಜಿನಿಯರು ಬರೆದು ಕಳಿಸಿದ್ದರು: ರೆಪ್ಪೆಗೆ ಮಾಮೂಲಿ ಪೇಂಟು ಸಾಕು, ಅರಗು ಬೇಡ. ಅಜ್ಜಿಯ ಮುಖದ ಹತ್ತಿರ ದೊಡ್ಡ ದೀಪಗಳಿವೆ, ಬಿಸಿ ಜಾಸ್ತಿ. ಇದು ಬದ್ರುನ್ನೀಸಾಗೆ ಯಾರೂ ಕಲಿಸಬೇಕಾದ ಪಾಠವಲ್ಲ. ಚನ್ನಪಟ್ಟಣದಲ್ಲಿ ಬಣ್ಣ ಬಳಿಯುವುದಿಲ್ಲ. ಗಿರ್ರನೆ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಕೂರುತ್ತದೆ, ಮೇಲೆ ಕೇದಗೆ ಗರಿ ಒತ್ತಿದರೆ ಹೊಳಪು. ಬಿಸಿಗೆ ಹತ್ತಿದ್ದು ಬಿಸಿಗೇ ಮೆತ್ತಗಾಗುತ್ತದೆ. ಬಿಸಿಲಲ್ಲಿ ಬಿಟ್ಟ ಗೊಂಬೆ ಕೈಗೆ ಅಂಟುತ್ತದೆ ಅನ್ನುವುದು ಆ ಊರಲ್ಲಿ ಅಂಬೆಗಾಲಿಡುವ ಮಗುವಿಗೂ ಗೊತ್ತು. ಇಮಾಮ್ ಸಾಬರೂ ಹೇಳಿದರು, “ರೆಪ್ಪೆಗೆ ಬ್ಯಾಡ ಬೇಟಿ, ದೀಪದ ಮುಂದೆ ಅರಗು ನಿಲ್ಲಾಕಿಲ್ಲ.”

ಕೇಳಿದಳೇ? ಕೇಳಿದರೆ ಅವಳು ಬದ್ರುನ್ನೀಸಾ ಹೇಗಾಗುತ್ತಾಳೆ! ಡಬ್ಬಿಯಿಂದ ಪೇಂಟು ಬಳಿದ ರೆಪ್ಪೆ ಅವಳ ಕಣ್ಣಿಗೆ ಗೋಡೆಗೆ ಸುಣ್ಣ ಹೊಡೆದ ಹಾಗೆ ಕಂಡಿತು. ತನ್ನ ಜೀವಮಾನದಲ್ಲಿ ತಿರುಗಿಸಿದ ಅತಿ ತೆಳುವಾದ ಮರಕ್ಕೆ ಅರಗಿಲ್ಲ ಅಂದರೆ ಹೊಟ್ಟೆ ಉರಿಯದೆ ಇರುತ್ತದೆಯೆ? ಸಾಬರು ಮಧ್ಯಾಹ್ನದ ನಮಾಜಿಗೆ ಹೋದ ಹೊತ್ತಿನಲ್ಲಿ ಎರಡಕ್ಕೂ ತೆಳ್ಳಗೆ ಕಂದು ಅರಗು ಕೊಟ್ಟು, ಪೇಂಟೇ ಅನ್ನುವ ಹಾಗೆ ಹೊಳಪು ಇಳಿಸಿ ಪೆಟ್ಟಿಗೆಗೆ ಹಾಕಿದಳು. ರೆಪ್ಪೆಯ ಅಂಚು ಕೆನ್ನೆಗೆ ತಗಲುವ ಜಾಗವಿತ್ತಲ್ಲ, ಅಲ್ಲಿಗೂ ಒಂದು ಗೆರೆ ಎಳೆದಳು. ಅಂದ ಬರಬೇಕಲ್ಲ!

ಏಪ್ರಿಲ್ ತಿಂಗಳು ಪಾರ್ಕು ತೆರೆಯಿತು. ಗೊಂಬೆಗಳ ಉಸ್ತುವಾರಿಗೆ ರಾಮಲಿಂಗಯ್ಯನವರು ಅವಳನ್ನೇ ಕೆಲಸಕ್ಕೆ ತೆಗೆದುಕೊಂಡಿದ್ದರು. ಕರೆಂಟು, ಮೋಟಾರು ನೋಡಲು ಕೂಟಗಲ್ಲಿನ ಕೆಂಪರಾಜು. ಅವನು ಅವಳಿಗಿಂತ ಎರಡು ವರ್ಷ ಚಿಕ್ಕವನು, ಅಕ್ಕ ಅಂತ ಕರೆಯುತ್ತಿದ್ದ. ಹೊರಗೆ ಕೆಂಡದಂಥ ಬಿಸಿಲು, ಒಳಗೆ ದೀಪಗಳ ಝಳ. ಮೊದಲ ಆಟಕ್ಕೆ ಜನ ಕಿಕ್ಕಿರಿದಿದ್ದರು. ಅಜ್ಜಿಯ ಬಾಯಿ ಆಡಿತು, ಕಥೆ ಶುರುವಾಯಿತು. ದನಿ ಕೈಲಾಂಚದ ದೊಡ್ಡಲಕ್ಷ್ಮಮ್ಮನದು. ಪಾರ್ಕು ಕಟ್ಟುವಾಗ ಗಾರೆ ಕೆಲಸಕ್ಕೆ ಬಂದಿದ್ದ ಹೆಂಗಸು. ದನಿ ರೆಕಾರ್ಡ್ ಮಾಡಲು ಬೆಂಗಳೂರಿನಿಂದ ಬಂದ ಕಲಾವಿದೆ ಪುಸ್ತಕ ಓದಿದ ಹಾಗೆ ಹೇಳುತ್ತಿದ್ದಾಗ ಮೂಲೆಯಲ್ಲಿ ನಿಂತು ಕಿಸಕ್ಕೆಂದು ನಕ್ಕಳೆಂದು ರಾಮಲಿಂಗಯ್ಯನವರು, “ಹಂಗಾದ್ರೆ ನೀನೇ ಹೇಳಮ್ಮ” ಅಂದರು. ಹೇಳಿಯೇಬಿಟ್ಟಳು.

ಕಥೆ ಒಂದು ಬಂಡೆಯದು. ಬೆಟ್ಟದ ನೆತ್ತಿಯ ಮೇಲಿದ್ದ ಬಂಡೆಗೆ ಬೆಂಗಳೂರು ನೋಡುವ ಆಸೆಯಾಗಿ ಉರುಳಿಕೊಂಡು ಹೊರಡುತ್ತದೆ. ನಾಲ್ಕನೆಯ ನಿಮಿಷಕ್ಕೆ ಬಂಡೆ ಒಂದು ಹಿಪ್ಪುನೇರಳೆ ತೋಟದ ಬದುವಿನ ಮೇಲೆ ದಣಿವಾರಿಸಿಕೊಳ್ಳುತ್ತಿದ್ದಾಗ ಅಜ್ಜಿ ಒಮ್ಮೆ ರೆಪ್ಪೆ ಬಡಿದಳು. ಬಡಿದ ರೆಪ್ಪೆ ಮೇಲೇಳಲಿಲ್ಲ.

ಹಿಂದೆ ನಿಂತಿದ್ದ ಬದ್ರುನ್ನೀಸಾ ಪರದೆಯ ಸಂದಿನಿಂದ ಇಣುಕಿದಳು. ಏನಾಗಿದೆ ಅಂತ ಆ ಕ್ಷಣವೇ ತಿಳಿಯಿತು. ಅರಗು ಮೆತ್ತಗಾಗಿ ರೆಪ್ಪೆಯ ಅಂಚು ಕೆನ್ನೆಗೆ ಹಿಡಿದುಬಿಟ್ಟಿದೆ. ಮುಂದಿನ ಸಾಲಿನಲ್ಲಿ ಮಾಲೀಕರು, ಅತಿಥಿಗಳು, ಈ ಆಟ ಹೆಣೆದ ಬೆಂಗಳೂರಿನ ಡೈರೆಕ್ಟರು. ಕೆಂಪರಾಜು ಗೊಂಬೆಗಳನ್ನು ಆಡಿಸುವ ಬೋರ್ಡಿನ ಮುಂದೆ ಬೆವರುತ್ತ, “ಅಕ್ಕ, ನಿಲ್ಸ್‌ಬುಡ್ಲಾ?” ಅಂದ. ಅಜ್ಜಿ ಮಾತ್ರ ಕಣ್ಣು ಮುಚ್ಚಿಕೊಂಡೇ ಹೇಳುತ್ತ ಹೋದಳು. ಅಷ್ಟರವರೆಗೆ ಗಿಜಿಗಿಜಿ ಅನ್ನುತ್ತಿದ್ದ ಹಾಲು ಒಂದೇ ಸಲಕ್ಕೆ ತಣ್ಣಗಾಯಿತು. ಒಂದು ಮಗು ಅವ್ವನ ಕಿವಿಗೆ ಹೇಳಿದ್ದು ಹಿಂದಿನವರೆಗೂ ಕೇಳಿಸಿತು: “ಸುಮ್ಕಿರವ್ವ, ಅಜ್ಜಿ ಗ್ಯಾಪ್ಕ ಮಾಡ್ಕತಾವ್ಳೆ.”

ಆಟ ಮುಗಿದಾಗ ಹೊಡೆದ ಚಪ್ಪಾಳೆಗೆ ಹೆಂಚು ಹಾರಬೇಕಿತ್ತು. ಡೈರೆಕ್ಟರನ್ನು ಎಲ್ಲರೂ ಮುತ್ತಿಕೊಂಡರು, ಆ ಕಣ್ಣು ಮುಚ್ಚೋದು ಎಂಥ ಐಡಿಯಾ ಸಾರ್ ಅಂದರು. ಆ ಮಹಾನುಭಾವ ಒಂದು ಗಳಿಗೆ ಕಕ್ಕಾಬಿಕ್ಕಿಯಾಗಿ, ಮರುಗಳಿಗೆ ಗಡ್ಡ ನೀವಿಕೊಂಡು, “ಹೌದು, ಅದು ನನ್ನ ಕಲ್ಪನೆ” ಅಂದ. ಬಾಗಿಲಿನ ಮೇಲೆ ಇವತ್ತಿಗೂ ಅವನ ಹೆಸರಿದೆ, ಮೊಳದುದ್ದದ ಅಕ್ಷರದಲ್ಲಿ. ಬದ್ರುನ್ನೀಸಾಳ ಹೆಸರು ಹಾಜರಿ ಪುಸ್ತಕ ಬಿಟ್ಟರೆ ಎಲ್ಲೂ ಇಲ್ಲ. ರಾಮಲಿಂಗಯ್ಯನವರು ಅವಳನ್ನು ಪಕ್ಕಕ್ಕೆ ಕರೆದು, “ರೆಪ್ಪೆ ಯಾಕಮ್ಮ ಅಂಟ್ಕೊಂತು?” ಎಂದು ಕೇಳಿದರು. ಅವಳು ಹೇಳಿಬಿಡಬೇಕಿತ್ತು. ಹೊಸ ಕೆಲಸ, ಬರವಣಿಗೆಯಲ್ಲಿದ್ದ ಸೂಚನೆ ಮೀರಿದ ತಪ್ಪು, ಸಾಬರ ಮಾತನ್ನೂ ಮೀರಿದ ತಪ್ಪು. “ಗೊತ್ತಿಲ್ಲ ಸಾರ್” ಅಂದಳು. “ಗೊತ್ತಿಲ್ದಿದ್ರೂ ಹಂಗೇ ಇರ್ಲಿ, ಬುಡು” ಅಂದರು ಅವರು.

ಅಲ್ಲಿಂದ ಮುಂದೆ ಅದೇ ಆಟವಾಯಿತು. ಎಲ್ಲ ಗೊಂಬೆಗಳೂ ಬೋರ್ಡು ಹೇಳಿದ ಹಾಗೆ ಕೇಳುತ್ತಿದ್ದವು, ಅಜ್ಜಿಯ ಕಣ್ಣು ಮಾತ್ರ ಹವೆ ಹೇಳಿದ ಹಾಗೆ. ಬೇಸಿಗೆಯಲ್ಲಿ ಮೂರನೆಯ ನಿಮಿಷಕ್ಕೇ ಮುಚ್ಚುತ್ತಿತ್ತು, ಆಷಾಢದ ಗಾಳಿಗೆ ಆರಕ್ಕೆ. ಒಂದು ದಿನ ಬಂಡೆ ಕೆರೆ ಏರಿ ಹತ್ತುವಾಗ, ಇನ್ನೊಂದು ದಿನ ಲಾರಿಗೆ ಅಡ್ಡ ನಿಂತಾಗ. ಎಲ್ಲಿ ಮುಚ್ಚಿದರೂ ಅಲ್ಲಿಂದ ಕಥೆಗೆ ಬೇರೆಯದೇ ತೂಕ. ನೋಡಿದವರೇ ಮತ್ತೆ ಬಂದು ನೋಡುತ್ತಿದ್ದುದು ಇದಕ್ಕೇ. ಪಾಪ್‌ಕಾರ್ನ್ ಮಾರುವವರು ಯಾವ ಮಾತಿಗೆ ಮುಚ್ಚುತ್ತಾಳೆ ಅಂತ ಬಾಜಿ ಕಟ್ಟುತ್ತಿದ್ದರು. ದೊಡ್ಡಲಕ್ಷ್ಮಮ್ಮ ವರ್ಷಕ್ಕೊಮ್ಮೆ ಹಾಲಿನ ಡೇರಿ ಕೆಲಸ ಮುಗಿಸಿಕೊಂಡು ಬಂದು ಹಿಂದಿನ ಬೆಂಚಿನಲ್ಲಿ ಕೂತು ತನ್ನ ದನಿ ತಾನೇ ಕೇಳಿ, “ನಂಗೇ ನಿದ್ದೆ ಬತ್ತದೆ, ಇವ್ಳಿಗ್ ಬರಾಕಿಲ್ವಾ” ಅಂತ ನಗುತ್ತಿದ್ದಳು. ಮಂಗಳವಾರ ಪಾರ್ಕಿಗೆ ರಜೆ. ಬದ್ರುನ್ನೀಸಾ ಅವತ್ತು ಬಂದು ಸವೆದ ಅಂಚಿಗೆ ಹೊಸ ಅರಗು ಕೊಟ್ಟು ಹೋಗುತ್ತಿದ್ದಳು. ಮಕ್ಬೂಲ್ ಒಮ್ಮೆ, “ನಮ್ಮವ್ವನ್ನೂ ಇಷ್ಟ್ ಚೆನ್ನಾಗ್ ನೋಡ್ಕಂಡಿದ್ದಿಲ್ಲ ನೀನು” ಅಂದು ಎರಡು ದಿನ ಹೆಂಡತಿಯ ಮೌನ ಉಂಡ.

ಹತ್ತು ವರ್ಷವಾದ ಮೇಲೆ ಒಂದು ಗಂಡಾಂತರ ಬಂತು. ಕರೆಂಟು ಉಳಿಸಬೇಕೆಂದು ಹಳೆಯ ದೀಪ ಕಿತ್ತು ಎಲ್‌ಇಡಿ ಹಾಕಿದರು. ಬೆಳಕಿದೆ, ಬಿಸಿಯಿಲ್ಲ. ಅಜ್ಜಿ ಹನ್ನೊಂದು ನಿಮಿಷವೂ ಕಣ್ಣು ಪಿಳಿಪಿಳಿ ಬಿಟ್ಟಳು. ಬಂದವರು, ಅಜ್ಜಿಗೆ ಏನಾಗಿದೆ ಅಂತ ವಿಚಾರಿಸಿ ಹೋದರು. ಮೂರನೆಯ ದಿನ ಕೆಂಪರಾಜು ತಾನಾಗೇ ಬಂದು, “ಅಕ್ಕ, ಅರಗಲ್ವಾ?” ಅಂದ. ಎಷ್ಟು ದಿನದಿಂದ ಗೊತ್ತಿತ್ತೋ ಪುಣ್ಯಾತ್ಮನಿಗೆ! ಅವಳು ಅವನ ಮುಖವನ್ನೇ ನೋಡಿ, “ಹೂಂ ಕಣಪ್ಪ” ಅಂದಳು. ಅಜ್ಜಿಯ ಪಕ್ಕ ತೂಗುವ ಕಂದೀಲಿನೊಳಗೆ ಒಂದು ಹಳೆಯ ಬಿಸಿದೀಪ ಸೇರಿಸಿ ಅವನು ವೈರು ಎಳೆದ. ಆಟ ಮೊದಲಿನಂತಾಯಿತು, ಪುಸ್ತಕದಲ್ಲಿ ‘ಗೊತ್ತಿಲ್ಲ’ ಮುಂದುವರಿಯಿತು.

ಈಚೆಗೆ ಪಾರ್ಕು ಕೈ ಬದಲಾಯಿತು. ಹೊಸ ಕಂಪನಿಯವರು ಪ್ರತಿಯೊಂದನ್ನೂ ಪರೀಕ್ಷಿಸಿ ಇಡುವುದೋ ಗುಜರಿಗೆ ಹಾಕುವುದೋ ಬರೆಯಲು ಒಬ್ಬ ಎಂಜಿನಿಯರನ್ನು ಕಳಿಸಿದರು. ಭಾನುಪ್ರಿಯ, ಕನಕಪುರದ ಹುಡುಗಿ, ಇಪ್ಪತ್ತೆಂಟು ವಯಸ್ಸು. ಜಂಬವಿಲ್ಲ, ಕೂಗಾಟವಿಲ್ಲ, ನೋಡಿದ್ದನ್ನು ಬರೆಯುತ್ತಾಳೆ, ಬರೆದದ್ದನ್ನು ಅಳಿಸುವುದಿಲ್ಲ. ಎರಡು ದಿನದಲ್ಲಿ ಒಂದು ರಾಟೆಗೂ ಒಂದು ದೋಣಿಗೂ ಬೀಗ ಹಾಕಿಸಿದಳು. ಮೂರನೆಯ ದಿನ ಹೆಂಚಿನ ಹಾಲಿಗೆ ಬಂದಳು.

ಅಜ್ಜಿಯ ಮೋಟಾರು ಸರಿಯಿದೆ, ಗಾಳಿ ಪೈಪು ಸರಿಯಿದೆ, ವೈರು ಸರಿಯಿದೆ. ಕೆಂಪರಾಜು ಉಬ್ಬಿಹೋದ. ಕೊನೆಗೆ ಆ ಪುಸ್ತಕ ತೆಗೆದಳು. ಒಂದು ಹಾಳೆ, ಎರಡು ಹಾಳೆ, ಹಿಂದಿನ ವರ್ಷದ್ದು, ಅದರ ಹಿಂದಿನ ವರ್ಷದ್ದು. ಬೀರುವಿನಿಂದ ಹದಿನೇಳೂ ಪುಸ್ತಕ ತರಿಸಿದಳು.

“ಬದ್ರುನ್ನೀಸಾ ಅವರೇ, ಹದಿನೇಳು ವರ್ಷದಿಂದ ದಿನಾ ಎಂಟು ಸಲ ಒಂದೇ ದೋಷ. ಒಂದು ಸಲಾನೂ ಕಾರಣ ಸಿಕ್ಕಿಲ್ಲವಾ?”

“ಇಲ್ಲ ಮೇಡಂ” ಅಂದಳು ಬದ್ರುನ್ನೀಸಾ. ಬಾಯಿ ತಾನಾಗೇ ಅಂದುಬಿಟ್ಟಿತು.

ಭಾನುಪ್ರಿಯ ಪುಸ್ತಕ ಮುಚ್ಚಿದಳು. “ಹಾಗಿದ್ದರೆ ಕಷ್ಟ. ಕಾರಣ ಗೊತ್ತಿಲ್ಲದ ದೋಷ ಇರೋ ಯಂತ್ರನ ಜನರ ಮುಂದೆ ಓಡಿಸೋ ಹಾಗಿಲ್ಲ. ಇದು ನಮ್ಮ ಕಂಪನಿ ನಿಯಮ. ಇವತ್ತು ರೆಪ್ಪೆ, ನಾಳೆ ಕೈ ಬಿದ್ದು ಮಗು ಮೇಲೆ ಬಂದರೆ? ಗುಜರಿಗೆ ಅಂತಾನೇ ಬರೀಬೇಕಾಗುತ್ತೆ. ನಿಮ್ಮ ಕೆಲಸಕ್ಕೆ ತೊಂದರೆ ಇಲ್ಲ, ಗೇಟಿನ ಹತ್ತಿರ ಹಾಕ್ತಾರೆ. ನಾಳೆ ಮಧ್ಯಾಹ್ನ ವರದಿ ಕಳಿಸ್ತೀನಿ.”

ಅವಳು ಹೋದ ಮೇಲೆ ಬದ್ರುನ್ನೀಸಾ ಜಗಲಿಯ ಮೇಲೆ ಅಜ್ಜಿಯ ಪಕ್ಕ ಕೂತುಬಿಟ್ಟಳು. ತನ್ನ ಕೈಬರಹವೇ ಅಜ್ಜಿಗೆ ಮುಳುವಾಗಿ ಕೂತಿದೆ. ನಿಜ ಹೇಳಿದರೆ ದೋಷಕ್ಕೆ ಕಾರಣ ಸಿಗುತ್ತದೆ, ಅಜ್ಜಿ ಬದುಕಿದರೂ ಬದುಕಬಹುದು. ಆದರೆ ಸೂಚನೆ ಮೀರಿದ್ದು, ಸುಳ್ಳು ಬರೆದದ್ದು, ಕಂದೀಲಿನ ಕಳ್ಳದೀಪ ಎಲ್ಲ ಹೊರಬರುತ್ತದೆ. ತನ್ನ ಕೆಲಸ ಹೋಗುತ್ತದೆ, ಕೆಂಪರಾಜನದೂ ಹೋಗಬಹುದು. ಸುಮ್ಮನಿದ್ದರೆ ಗೇಟಿನ ಹತ್ತಿರ ಕುರ್ಚಿ, ಫ್ಯಾನು. ಅಜ್ಜಿ ಲಾರಿ ಹತ್ತಿ ಗುಜರಿಗೆ.

“ಅಕ್ಕ, ನನ್ ಬಗ್ಗೆ ಯೋಚ್ನೆ ಮಾಡ್ಬ್ಯಾಡ” ಅಂದ ಕೆಂಪರಾಜು. “ಒಂದೆಕ್ರೆ ಹಿಪ್ಪುನೇರ್ಳೆ ಐತೆ. ಹುಳ ಸಾಕ್ಕಂಡ್ ಇರ್ತೀನಿ.”

“ಹುಳ ಕಂಡ್ರೆ ಮಾರುದ್ದ ನೆಗೆಯೋನು ನೀನು, ಹುಳ ಸಾಕ್ತಾನಂತೆ” ಅಂದಳು ಅವಳು. ಇಬ್ಬರೂ ನಕ್ಕರು. ನಗುವಾಗಲೇ ಅವಳ ಕಣ್ಣು ತುಂಬಿತು.

ಮರುದಿನ ಬೆಳಿಗ್ಗೆ, ಕಾರ್ತಿಕದ ಚಳಿ, ಗುಡ್ಡದ ಮೇಲೆ ಇನ್ನೂ ಮಂಜು. ಭಾನುಪ್ರಿಯ ಕಚೇರಿಯ ಬೀಗ ತೆಗೆಯುವಷ್ಟರಲ್ಲಿ ಬದ್ರುನ್ನೀಸಾ ಬಾಗಿಲಲ್ಲಿ ನಿಂತಿದ್ದಳು.

“ಮೇಡಂ, ನೆನ್ನೆ ನಾನಂದಿದ್ದು ಸುಳ್ಳು. ಕಾರಣ ಗೊತ್ತೈತೆ. ಮೊದಲ್ನೇ ದಿನದಿಂದ ಗೊತ್ತೈತೆ.”

ಎಲ್ಲ ಹೇಳಿದಳು. ಅರಗು, ಸಾಬರ ಮಾತು, ನಮಾಜಿನ ಹೊತ್ತು, ಡೈರೆಕ್ಟರು, ಮಂಗಳವಾರ, ಏನನ್ನೂ ಬಿಡಲಿಲ್ಲ. ಕಂದೀಲಿನ ವಿಷಯ ಬಂದಾಗ, “ಅದು ನಾನ್ ಹೇಳಿ ಮಾಡ್ಸಿದ್ದು. ಕೆಂಪರಾಜಂದೇನೂ ಇಲ್ಲ” ಅಂದಳು. ಎತ್ತಿದ ತಲೆ ಕೊನೆಯವರೆಗೂ ತಗ್ಗಿಸಲಿಲ್ಲ.

ಭಾನುಪ್ರಿಯಳಿಗೆ ಸಿಟ್ಟು ಬಂತು. ಸಿಟ್ಟಿನಲ್ಲಿ ಕಚೇರಿಯ ಕನ್ನಡ ಹೋಗಿ ಕನಕಪುರದ್ದು ಬಂತು. “ಅಲ್ಲ ಕಣಮ್ಮ, ಮರದ ಗೊಂಬೆ ಪಕ್ಕ ಲೆಕ್ಕಕ್ಕಿಲ್ದಿರೋ ಬಿಸಿ ಲೈಟು ಇಕ್ಕಿದ್ದೀರಲ್ಲ, ಬೆಂಕಿ ಹತ್ಕಂಡಿದ್ರೆ ಏನಮ್ಮ ಗತಿ? ಮಕ್ಳು ಕೂತಿರ್ತವೆ!”

“ಅದು ತಪ್ಪು” ಅಂದಳು ಬದ್ರುನ್ನೀಸಾ. “ತಪ್ಪೇಯ.”

ಹುಡುಗಿ ನೀರು ಕುಡಿದು ಸಮಾಧಾನ ಮಾಡಿಕೊಂಡಳು. “ಸರಿ. ಕಾರಣ ಸಿಕ್ತಲ್ಲ. ಅರಗು ಕೆರೆದು ಪೇಂಟ್ ಹಾಕೋಣ. ಕಣ್ಣು ಮುಚ್ಚೋದು ಜನಕ್ಕೆ ಇಷ್ಟ ಅಂದರೆ ಬೋರ್ಡಲ್ಲಿ ನಾಲ್ಕನೇ ನಿಮಿಷಕ್ಕೆ ಮುಚ್ಚು ಅಂತ ಬರೆದರೆ ಆಯ್ತು. ತಾನೇ ಮುಚ್ಚುತ್ತೆ, ತಾನೇ ತೆರೆಯುತ್ತೆ. ಅಜ್ಜಿನ ಉಳಿಸಬಹುದು.”

ಉಳಿಯಿತು ಅಂದುಕೊಂಡು ಸುಮ್ಮನಾಗಬೇಕಿತ್ತು ಅಲ್ಲವೆ? ಬೇರೆ ಯಾರಾದರೂ ಕೈಮುಗಿದು ಹೊರಡುತ್ತಿದ್ದರು. ಬದ್ರುನ್ನೀಸಾ ಕುರ್ಚಿ ಎಳೆದು ಕೂತಳು. “ಮೇಡಂ, ನಿಮ್ಗೆ ಕೆಲ್ಸ ಬತ್ತದೆ, ಒಪ್ಕತೀನಿ. ನಂಗೂ ಬತ್ತದೆ. ನಾಕನೇ ನಿಮಿಷಕ್ಕೆ ಮುಚ್ಚು ಅಂದ್ರೆ ಮುಚ್ಚೋದು ಗೊಂಬೆ. ಕೆರೆಯಾಕೆ ಮುಂಚೆ ಒಂದಾಟ ನೋಡಿ. ಕಂದೀಲ ಪಕ್ಕ ಕೆಂಪರಾಜು ನೀರು, ಮರಳು ಇಟ್ಕಂಡು ನಿಂತಿರ್ತಾನೆ. ಆಟ ಮುಗಿದ್ಮೇಲೆ ಅಜ್ಜಿ ಕಣ್ಣು ನೀವೇ ತೆಗೀರಿ. ಆಮೇಲೆ ಏನ್ ಬರೀತೀರೋ ಬರ್ಕೊಳ್ಳಿ, ಕೆಲ್ಸದಿಂದ ತೆಗೀರಿ ಅಂತಾನೇ ಬರೀರಿ. ನಾನು ತುಟಿ ಎರಡು ಮಾಡಾಕಿಲ್ಲ.”

ಭಾನುಪ್ರಿಯ ಗಡಿಯಾರ ನೋಡಿದಳು, ಅವಳ ಮುಖ ನೋಡಿದಳು. “ಒಂದೇ ಆಟ” ಅಂದಳು.

ಹತ್ತೂವರೆಯ ಆಟಕ್ಕೆ ಹಾರೋಹಳ್ಳಿಯ ಕಾರ್ಖಾನೆಯೊಂದರಿಂದ ಹೆಂಗಸರು ಎರಡು ಬಸ್ಸಿನಲ್ಲಿ ಬಂದಿದ್ದರು. ವಾರದ ರಜೆ, ಒಳ್ಳೆ ಸೀರೆ, ಗಲಾಟೆಯೋ ಗಲಾಟೆ. ಭಾನುಪ್ರಿಯ ಹಿಂದಿನ ಬೆಂಚಿನ ತುದಿಯಲ್ಲಿ ಕಾಗದ ಪೆನ್ನು ಹಿಡಿದು ಕೂತಳು. ಅಜ್ಜಿ ಶುರುಮಾಡಿದಳು. ಬಂಡೆ ಉರುಳಿತು. ನಾಲ್ಕನೆಯ ನಿಮಿಷ ಬಂತು. ರೆಪ್ಪೆ ಬಡಿದು ಮೇಲೆದ್ದಿತು. ಐದನೆಯದು ಬಂತು, ಮೇಲೆದ್ದಿತು. ಆರು. ಹಾಲಿನೊಳಗೆ ಚಳಿ ಹಾಗೇ ಕೂತಿತ್ತು, ಒಂದು ಕಂದೀಲಿನ ಬಿಸಿ ಎಲ್ಲಿಗೆ ಸಾಲಬೇಕು! ಏಳು. ಹೆಂಗಸರು ಚಕ್ಕುಲಿ ಪೊಟ್ಟಣ ಬಿಚ್ಚಿ ಹಂಚಿಕೊಳ್ಳುತ್ತಿದ್ದರು. ಭಾನುಪ್ರಿಯ ಏನೋ ಬರೆಯುತ್ತಿದ್ದಳು. ಪರದೆಯ ಹಿಂದೆ ಬದ್ರುನ್ನೀಸಾ ಸೆರಗಿನ ತುದಿ ಹಲ್ಲಲ್ಲಿ ಕಚ್ಚಿ ನಿಂತಿದ್ದಳು. ಹದಿನೇಳು ವರ್ಷದಲ್ಲಿ ಇಷ್ಟು ತಡವಾದದ್ದಿಲ್ಲ. ಹೆದರಿಕೆಯಾಯಿತೇ ಅಂದರೆ ಆಯಿತು. ಆದರೆ ಮಂಗಳವಾರ ತಾನೇ ಕೊಟ್ಟ ಅರಗು ಅದು, ಎಷ್ಟು ತೆಳ್ಳಗಿದೆ ಅಂತ ಅವಳ ಬೆರಳಿಗೆ ಗೊತ್ತಿತ್ತು. “ಬತ್ತದೆ” ಅಂದಳು ತನಗೆ ತಾನೇ, “ಬರ್ದೆ ಎಲ್ಲಿಗ್ ಹೋಯ್ತದೆ.”

ಎಂಟನೆಯ ನಿಮಿಷ. ಬಂಡೆ ಹೆದ್ದಾರಿಯ ಅಂಚಿಗೆ ಬಂದು ನಿಂತಿತ್ತು. ಅದರ ಮುಂದೆ ಸಾಲಾಗಿ ಲಾರಿಗಳು, ಲಾರಿಯ ತುಂಬ ಜಲ್ಲಿ, ಪುಡಿಪುಡಿಯಾದ ಅಣ್ಣತಮ್ಮಂದಿರು. ಅಜ್ಜಿ ಕತ್ತನ್ನು ಬೆಟ್ಟದ ಕಡೆ ತಿರುಗಿಸಿ, “ಆಗ ಬಂಡೆ ಹಿಂದುಕ್ ತಿರುಗಿ ನೋಡ್ತು ಮಕ್ಳಾ. ತಾನ್ ಕೂತಿದ್ ಜಾಗ ಬರಿದಾಗ್ ಕಾಣ್ತಿತ್ತು” ಅಂದಳು. ರೆಪ್ಪೆ ಇಳಿಯಿತು. ಮೇಲೇಳಲಿಲ್ಲ.

ಚಕ್ಕುಲಿಯ ಸದ್ದು ನಿಂತಿತು. ಮುಂದಿನ ಸಾಲಿನಲ್ಲಿದ್ದ ಒಬ್ಬಳು ನಡುವಯಸ್ಸಿನ ಹೆಂಗಸು ಕೈಯಲ್ಲಿದ್ದುದನ್ನು ಮಡಿಲಿಗಿಟ್ಟು, “ಪಾಪ” ಅಂದಳು, ಅಷ್ಟೆ. ಭಾನುಪ್ರಿಯಳ ಪೆನ್ನು ನಿಂತಿತ್ತು. ಕಣ್ಣು ಮುಚ್ಚಿಕೊಂಡೇ ಅಜ್ಜಿ ಉಳಿದದ್ದನ್ನು ಹೇಳಿದಳು. ಬಂಡೆ ಬೆಂಗಳೂರಿಗೂ ಹೋಗಲಿಲ್ಲ, ಬೆಟ್ಟಕ್ಕೂ ಹತ್ತಲಾಗಲಿಲ್ಲ. ಮೊಮ್ಮಕ್ಕಳು “ಆಮೇಲೆ?” ಅಂದವು. “ಆಮೇಲೇನು, ಇಲ್ಲೇ ಕುಂತೈತೆ. ಹೋಗ್ವಾಗ ಗೇಟಿನ ತಾವ ಒಸಿ ಮಾತಾಡ್ಸ್‌ಕಂಡು ಹೋಗಿ” ಅಂದಳು ಅಜ್ಜಿ. ಗೇಟಿನ ಪಕ್ಕ ನಿಜವಾಗಿಯೂ ಒಂದು ಬಂಡೆಯಿದೆ. ಹೆಂಗಸರು ಹೊರಗೆ ಹೋಗಿ ಅದನ್ನು ಮುಟ್ಟಿ ಮುಟ್ಟಿ ನೋಡಿದ್ದು ಕಿಟಕಿಯಿಂದ ಕಾಣಿಸಿತು.

ಜನ ಖಾಲಿಯಾದರು. ಭಾನುಪ್ರಿಯ ಚಪ್ಪಲಿ ಬಿಟ್ಟು ಜಗಲಿ ಹತ್ತಿದಳು. ಬಿಡು ಅಂತ ಯಾರೂ ಹೇಳಿರಲಿಲ್ಲ.

“ಎಡಗಣ್ಣು ಮೊದ್ಲು” ಅಂದಳು ಬದ್ರುನ್ನೀಸಾ. “ಹೆಬ್ಬೆರಳು ಅಂಚಿಗೆ ಕೊಡಿ. ಜೋರಾಗಿ ಬ್ಯಾಡ.”

ಹುಡುಗಿ ಬೆರಳಿಟ್ಟಳು. ಇಟ್ಟವಳು ಒತ್ತಲಿಲ್ಲ, ಹಾಗೇ ನಿಂತಳು. ಮರದ ರೆಪ್ಪೆ, ಕಂದೀಲಿನ ಬಿಸಿ ಕುಡಿದ ಅರಗು.

“ಬೆಚ್ಚಗೈತೆ” ಅಂದಳು.

“ಹೂಂ ಕಣವ್ವ” ಅಂದಳು ಬದ್ರುನ್ನೀಸಾ. “ದಿನಾ ಎಂಟ್ ಸಲ ಬೆಚ್ಚಗಿರ್ತದೆ. ಅದುಕ್ಕೇ ನಾನು ಸುಳ್ ಬರ್ದಿದ್ದು.”

ಟಕ್ಕೆಂದು ರೆಪ್ಪೆ ಬಿಟ್ಟಿತು. ಅಜ್ಜಿ ಭಾನುಪ್ರಿಯಳನ್ನು ನೋಡಿದಳು. ಆ ಹುಡುಗಿ ಬಲಗಣ್ಣನ್ನೂ ತೆರೆದು, ಕೆಳಗಿಳಿದು, ಬೆಂಚಿನ ಮೇಲೆ ಕಾಗದ ಹರಡಿಕೊಂಡು ಕೂತಳು. ಆಮೇಲೆ ಬರೆದದ್ದು ಮೂರು. ಒಂದು, ಕಂದೀಲಿನ ದೀಪ ಈಗಿಂದೀಗಲೇ ತೆಗೆಯುವುದು. ಅದರ ಬದಲು ರೆಪ್ಪೆಯ ಹಿಂದೆ ಉಗುರಗಲದ ಸಣ್ಣ ಹೀಟರು, ಹದ ಮೀರಿದರೆ ತಾನೇ ಆರಿಹೋಗುವಂಥದ್ದು. ಮಾಡಿಕೊಡುವವಳು ಭಾನುಪ್ರಿಯಳೇ. ಬಿಸಿ ಎಷ್ಟೆಂದು ಮಾತ್ರ ಬೋರ್ಡು ಹೇಳುತ್ತದೆ, ಕಣ್ಣು ಯಾವಾಗ ಮುಚ್ಚಬೇಕು ಅನ್ನುವುದನ್ನು ಅರಗೇ ಹೇಳಲಿ. ಎರಡು, ಅಜ್ಜಿಯ ಜಗಲಿ ಮುಂದುವರಿಯುವುದು. ಮೂರನೆಯದನ್ನು ಬರೆಯುವಾಗ ಅವಳು ಬದ್ರುನ್ನೀಸಾಳ ಮುಖ ನೋಡಲಿಲ್ಲ. ಸುಳ್ಳು ದಾಖಲೆಗಾಗಿ, ಕಳ್ಳದೀಪಕ್ಕಾಗಿ ಮೆಮೊ ಕೊಡಲೇಬೇಕು, ನಿಯಮ.

ಮೆಮೊ ಹತ್ತು ದಿನಕ್ಕೆ ಬಂತು. ಕಂಪನಿಯ ಕಾಗದ, ಮೊಹರು, ಸಹಿ. ಕೆಂಪರಾಜು ಅದನ್ನು ಕೈಯಲ್ಲಿ ಹಿಡಿದು ಮುಖ ಸಪ್ಪೆ ಮಾಡಿಕೊಂಡು ಬಂದ. “ಓದು” ಅಂದಳು ಬದ್ರುನ್ನೀಸಾ. ಅವನು ಗೊಣಗಿದ. “ಜೋರಾಗ್ ಓದಪ್ಪ.”

“ಎರಡು ಸಾವಿರದ ಏಳರಲ್ಲಿ, ಲಿಖಿತ ಸೂಚನೆಯನ್ನು ಮೀರಿ, ಅಜ್ಜಿಯ ಗೊಂಬೆಯ ರೆಪ್ಪೆಗಳಿಗೆ ಅರಗು ಹಾಕಿ, ತನ್ಮೂಲಕ ಗೊಂಬೆಯು ಕಣ್ಣು ಮುಚ್ಚುವಂತೆ ಮಾಡಿದವರು ಬದ್ರುನ್ನೀಸಾ, ಚನ್ನಪಟ್ಟಣ.”

“ಇನ್ನೊಂದ್ ಸಲ” ಅಂದಳು.

ಅವನು ಇನ್ನೊಂದು ಸಲ ಓದಿದ. ಓದುತ್ತ ಓದುತ್ತ ಅವನ ಮುಖವೂ ಅರಳಿತು. ಆಗ ಹೊಳೆಯಿತು ನೋಡಿ ಅವನಿಗೆ: ಬಾಗಿಲಿನ ಮೇಲಿನ ಮೊಳದುದ್ದದ ಅಕ್ಷರಕ್ಕೆ ಸಹಿಯೂ ಇಲ್ಲ, ಮೊಹರೂ ಇಲ್ಲ. ಬದ್ರುನ್ನೀಸಾ ಆ ಕಾಗದವನ್ನು ರಾಮನಗರಕ್ಕೆ ಒಯ್ದು ಲ್ಯಾಮಿನೇಟ್ ಮಾಡಿಸಿ, ಬೋರ್ಡಿನ ಕೋಣೆಯಲ್ಲಿ ಎಲ್ಲರಿಗೂ ಕಾಣುವ ಕಡೆ ಮೊಳೆ ಹೊಡೆದಳು. ಮಕ್ಬೂಲನನ್ನೂ ದೊಡ್ಡಲಕ್ಷ್ಮಮ್ಮನನ್ನೂ ಕರೆಸಿ ತೋರಿಸಿದಳು. ಶಿಕ್ಷೆಯ ಕಾಗದಕ್ಕೆ ಸೇವಂತಿಗೆ ಹೂ ಮುಡಿಸಿದವಳು ದೊಡ್ಡಲಕ್ಷ್ಮಮ್ಮ.

ಮರುದಿನ ಮೊದಲ ಆಟಕ್ಕೆ ಅಜ್ಜಿ ಹೊಸ ಹೀಟರಿನ ಬಿಸಿಗೆ ಐದನೆಯ ನಿಮಿಷಕ್ಕೆ ಕಣ್ಣು ಮುಚ್ಚಿದಳು. ಜನ ಹೋದ ಮೇಲೆ ಬದ್ರುನ್ನೀಸಾ ಜಗಲಿ ಹತ್ತಿ ಎರಡೂ ಕಣ್ಣು ತೆರೆಸಿದಳು, ಇಳಿದು ಬಂದು ಪುಸ್ತಕ ತೆಗೆದಳು. ‘ದೋಷ’ ಅನ್ನುವ ಕಡೆ ಒಂದು ಗೆರೆ ಎಳೆದು ಖಾಲಿ ಬಿಟ್ಟಳು. ‘ಕಾರಣ’ ಅನ್ನುವ ಕಡೆ ದುಂಡಗೆ, ಲೇತಿನಲ್ಲಿ ತಿರುಗಿಸಿದಷ್ಟು ದುಂಡಗೆ ಬರೆದಳು: ‘ನಾನು.’